ತಿಪ್ಪೇಶನಿಗೆ ಇಲ್ಲದ ಟಿ ಕೋಶಗಳು

2001ರಲ್ಲಿ ನಾನು ಅರಸೀಕೆರೆಯಲ್ಲಿ ಮಕ್ಕಳ ವೈದ್ಯನಾಗಿದ್ದೆ. ಒಂದು ಬೆಳಿಗ್ಗೆ ಗೆಂಡೆಹಳ್ಳಿಯ ಸುಜಾತ ನಾಲ್ಕು ತಿಂಗಳ ಗಂಡುಮಗುವನ್ನು ತಂದರು. ಜೊತೆಗೆ ಅತ್ತೆ ರಂಗಮ್ಮ. ಮಗುವಿಗೆ ಬಿಡದ ಕೆಮ್ಮು, ಏದುಸಿರು, ನಾಲಿಗೆಯ ಮೇಲೆಲ್ಲ ಬಿಳಿ ಪದರ. ಹೆಸರು ಕೇಳಿದರೆ ತಿಪ್ಪೇಶ ಅಂದರು.

“ಮುಂಚಿನ್ ಎಲ್ಡು ಗಂಡ್ಮಕ್ಳೂ ವರ್ಸ ತುಂಬಾಕ್ ಮುಂಚೆ ಹೋದ್ವು ಸಾ,” ಎಂದರು ರಂಗಮ್ಮ. “ಅದ್ಕೇ ಹೋದ್ ತಿಂಗ್ಳು ಇವನ್ನ ತಿಪ್ಪೆ ಮ್ಯಾಲೆ ಮಲಗ್ಸಿ, ಮೊರದಾಗೆ ಎತ್ಕಂಡ್ ಬಂದು ಹೆಸ್ರಿಟ್ವಿ. ಇದಾದ್ರೂ ಉಳೀಲಿ ಅಂತ.”

ಕಸದ ಜೊತೆ ಬಿದ್ದ ಮಗುವನ್ನು ಸಾವು ಮೂಸಿಯೂ ನೋಡದೆಂದು ನಮ್ಮ ಕಡೆ ನಂಬಿಕೆ. ನನ್ನ ಗಮನ ಮಾತ್ರ ಸತ್ತ ಆ ಇಬ್ಬರು ಗಂಡುಮಕ್ಕಳ ಮೇಲೆ ನಿಂತಿತು. ಮನೆಯಲ್ಲಿ ಮಗುವಿನ ಅಕ್ಕ ಒಬ್ಬಳು ಗಟ್ಟಿಮುಟ್ಟಾಗಿದ್ದಳಂತೆ. ರಕ್ತ ಪರೀಕ್ಷೆ ಮಾಡಿಸಿದೆ. ಆ ವಯಸ್ಸಿಗೆ ಮೂರು ಸಾವಿರವಾದರೂ ಇರಬೇಕಾದ ಲಿಂಫೋಸೈಟ್‌ಗಳು, ಅಂದರೆ ಸೋಂಕು ತಡೆಯುವ ಬಿಳಿ ರಕ್ತಕಣಗಳು, ಐನೂರೂ ಇರಲಿಲ್ಲ. ಅವರನ್ನು ಬೆಂಗಳೂರಿಗೆ ಹೊರಡಿಸಿ, ರಜೆ ಹಾಕಿ ನಾನೂ ರೈಲು ಹತ್ತಿದೆ.

ಲಿಂಫೋಸೈಟ್‌ಗಳಲ್ಲೇ ಸೇರಿದ, ಸೋಂಕಿನ ವಿರುದ್ಧ ಹೋರಾಡುವ ಟಿ ಕೋಶಗಳಲ್ಲಿ ಮುಖ್ಯವಾಗಿ ಎರಡು ಬಗೆ: ಉಳಿದ ಕೋಶಗಳನ್ನು ಕೆಲಸಕ್ಕೆ ಹಚ್ಚುವ ಸಿಡಿ4, ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಸಿಡಿ8. ದೊಡ್ಡಾಸ್ಪತ್ರೆಯ ವರದಿಯಲ್ಲಿ ಎರಡೂ ಇಲ್ಲವೆನ್ನುವಷ್ಟು ಕಡಿಮೆ. ತಾಯಿಯ ಜೀನ್ ಮೂಲಕ ಗಂಡುಮಕ್ಕಳಿಗೆ ಬರುವ ದೋಷವಿದು. ಅಕ್ಕನ ಅಸ್ಥಿಮಜ್ಜೆ ಹೊಂದಿದರೆ ಅದನ್ನು ಕಸಿ ಮಾಡಿ ಮಗುವನ್ನು ಬದುಕಿಸಬಹುದಿತ್ತು. ಹೊಂದಿತು! ಕಾರಿಡಾರಿನಲ್ಲಿ ನಿಂತು ಅತ್ತುಬಿಟ್ಟೆ.

ಆ ಖುಷಿ ಸಂಜೆಯವರೆಗೂ ಉಳಿಯಲಿಲ್ಲ. ಮಗುವಿನ ಶ್ವಾಸಕೋಶದಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು ಸಿಕ್ಕಿತು. ಕೊಳೆಯುವ ಗೊಬ್ಬರದಲ್ಲಿ ಧಾರಾಳವಾಗಿ ಬೆಳೆಯುವಂಥದ್ದು. ನಮ್ಮನಿಮ್ಮಂಥವರಿಗೆ ಅದು ಏನೂ ಮಾಡದು. ಆದರೆ ಈ ಮಗುವಿನಲ್ಲಿ ಅದು ಹತೋಟಿಗೆ ಬರುವವರೆಗೆ ಕಸಿ ಮಾಡುವಂತಿರಲಿಲ್ಲ. ಇದ್ದಬದ್ದ ಔಷಧಿಯನ್ನೆಲ್ಲ ಕೊಟ್ಟರೂ ಬರಲಿಲ್ಲ. ತಿಪ್ಪೇಶ ಹೋಗಿಬಿಟ್ಟ.

ರಂಗಮ್ಮ ನನ್ನ ಕೈ ಹಿಡಿದುಕೊಂಡರು. “ತಿಪ್ಪೇಲಿ ಮಲಗ್ಸಿದ್ಕೇ ಹಿಂಗಾಯ್ತಾ ಸಾ?”

“ಇಲ್ಲಮ್ಮ, ಹುಟ್ಟಿನಿಂದಲೇ ಇತ್ತು,” ಎಂದೆ. ಅದು ಅರ್ಧ ನಿಜ.

ಸುಜಾತರಿಗೆ ಮಾತ್ರ ಪೂರ್ತಿ ಹೇಳಲೇಬೇಕಿತ್ತು. ಮುಂದೆ ಗಂಡುಮಗು ಹುಟ್ಟಿದರೆ ಅದೇ ದಿನ ರಕ್ತ ಪರೀಕ್ಷೆ ಆಗಬೇಕು, ತಿಪ್ಪೆಯ ಹತ್ತಿರವೂ ಒಯ್ಯಬಾರದು. ಹೊರಗೆ ಬೆಂಚಿನ ಮೇಲೆ ಕೂರಿಸಿ ಜೀನಿನ ವಿಷಯ, ಬೂಷ್ಟಿನ ವಿಷಯ ಎರಡನ್ನೂ ಹೇಳಿದೆ. ಆಕೆ ಸೆರಗನ್ನು ಬಾಯಿಗೊತ್ತಿಕೊಂಡು, ಅತ್ತೆಯಿದ್ದ ಕಡೆ ನೋಡಿ ದನಿ ತಗ್ಗಿಸಿದರು.

“ಅತ್ತೆಗೆ ತಿಪ್ಪೆ ವಿಚಾರ ಹೇಳ್ಬ್ಯಾಡಿ ಸಾ, ಜೀವ ಬಿಟ್ಬುಡ್ತಾರೆ. ನನ್ ಕಡೆಯಿಂದ್ಲೇ ಬಂತು ಅಂತ ಹೇಳ್ಬುಡಿ.”

ರೋಗದ ಕಾರಣ ಹುಡುಕುವುದನ್ನು ಕಾಲೇಜು ಕಲಿಸಿತ್ತು. ಆ ಕಾರಣ ಯಾರ ತಲೆಯ ಮೇಲೆ ಬೀಳುತ್ತದೆಂದು ನೋಡಿ ಬಾಯಿ ತೆರೆಯಬೇಕೆಂಬುದನ್ನು ನನಗೆ ಕಲಿಸಿದ್ದು, ಆಗಷ್ಟೇ ಮೂರನೆಯ ಮಗನನ್ನು ಕಳೆದುಕೊಂಡಿದ್ದ ಆ ಹೆಣ್ಣುಮಗಳು.