ಕಂಡಕ್ಟರ್ ಕೇಳಬಾರದ ಪ್ರಶ್ನೆ

ಎಂಬತ್ತೈದು ಎಂಬತ್ತಾರರ ಮಾತು. ನಾನು ಚಿಂತಾಮಣಿ ಬಸ್ಸಿಗೆ ಕಂಡಕ್ಟರು. ಶಿಡ್ಲಘಟ್ಟ ಬಿಟ್ಟು ನಾಲ್ಕೈದು ಮೈಲಿ ಬಂದಮೇಲೆ, ಮುಂದಿನ ಸೀಟಿನಲ್ಲಿದ್ದ ಹೆಂಗಸನ್ನು ಎಂದಿನಂತೆ ಕೇಳಿದೆ, "ಎಲ್ಲಿಗಮ್ಮ?"

"ನಮ್ಮನೆಯವರಿಗೆ ಗೊತ್ತು. ಹಿಂದುಗಡೆ ಅವ್ರೆ."

ಹಿಂದುಗಡೆ ಅವನಿರಲಿಲ್ಲ. ಬೀಡಿ ಸೇದಲು ಇಳಿದವನು ಸ್ಟ್ಯಾಂಡಿನಲ್ಲೇ ಉಳಿದುಬಿಟ್ಟ ಅಂತ ಯಾರೋ ಹೇಳಿದರು.

"ಯಾವೂರಿಗೆ ಹೊರಟಿದ್ರಿ?"

"ಹೊರಡು ಅಂದ್ರು, ಹೊರಟೆ. ಯಾವೂರಿಗೆ ಅಂತ ಕೇಳಿದ್ರೆ ಬೈತಾರೆ."

ನನಗೆ ತಲೆ ಕೆಟ್ಟಿತು. ಊರು ಗೊತ್ತಿಲ್ಲದೆ ಟಿಕೆಟ್ಟು ಹರಿಯುವುದು ಹೇಗೆ? ಕೆಲವರು ಇಲ್ಲೇ ಇಳಿಸಿ ಅಂದರು, ಕೆಲವರು ಪಾಪ ಒಬ್ಬಳೇ ಏನು ಮಾಡ್ತಾಳೆ ಅಂದರು. ಏನೂ ತೋಚದೆ, "ಹೋಗ್ಲಿ, ನಿಮಗೆ ಎಲ್ಲಿಗೆ ಹೋಗ್ಬೇಕು ಅನ್ಸುತ್ತೆ, ಅದನ್ನ ಹೇಳಿ" ಅಂದೆ.

ಆಕೆ ನನ್ನ ಕಡೆ ತಿರುಗಿ ಕೂತಳು.

"ಚಿಂತಾಮಣೀಲಿ ಕೆಂಚಾರ್ಲಹಳ್ಳಿ ಬಸ್ ಸಿಗುತ್ತಾ ಅಣ್ಣ? ನಮ್ಮಮ್ಮನ ಊರು. ವರ್ಷದಿಂದ ಕಳಿಸಿಲ್ಲ."

"ಸಿಗುತ್ತಮ್ಮ."

ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟಳು.

ಮುಂದಿನ ವಾರ ಆಕೆಯ ಗಂಡ ಶಿಡ್ಲಘಟ್ಟ ಸ್ಟ್ಯಾಂಡಿನಲ್ಲಿ ನನ್ನನ್ನು ಹಿಡಿದ. ಅವನನ್ನು ಬಿಟ್ಟು ಬಸ್ಸು ಹೊರಡಿಸಿದ್ದಕ್ಕೆ ಜಗಳಕ್ಕೆ ಬಂದಿದ್ದಾನೆ ಅಂದುಕೊಂಡು, ತಪ್ಪಾಯ್ತು ಅಂದೆ.

"ನನ್ನ ಬಿಟ್ಟುಹೋಗಿದ್ದು ಇರ್ಲಿ ಸಾರ್. ಅವಳನ್ನ ಯಾಕೆ ಕೇಳಿದ್ರಿ? ಅಮ್ಮನ ಮನೇಲಿ ಕೂತವ್ಳೆ. ಹೊರಡು ಅಂದ್ರೆ, ಎಲ್ಲಿಗೆ ಅಂತ ನನ್ನನ್ನೇ ಕೇಳ್ತಾಳೆ."

ಕೆಲಸಕ್ಕೆ ಸೇರಿದಾಗ ನನಗೆ ಮೊದಲು ಕಲಿಸಿದ್ದೇ ಆ ಒಂದು ಪ್ರಶ್ನೆ. ಹೆಂಗಸರನ್ನು ಬಿಟ್ಟು ಮಿಕ್ಕವರನ್ನು ಕೇಳು ಅಂತ ಯಾರೂ ಹೇಳಿರಲಿಲ್ಲ.