ಬೀಳುವ ಬದಿ

ಮಂಜುಗಡ್ಡೆಯ ಮೇಲೆ ಜಾರಾಡುವ ಐಸ್ ರಿಂಕಿನ ಹಿಂಭಾಗದಲ್ಲಿ, ಬಾಡಿಗೆ ಸ್ಕೇಟ್ಸ್ ಕೊಡುವ ಕಿಟಕಿಗೆ ಒತ್ತಿಕೊಂಡಂತೆ ಒಂದು ಚಿಕ್ಕ ಕೋಣೆಯಿತ್ತು. ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು, ಮೊಳೆಗೆ ತೂಗುಹಾಕಿದ ಬಿಗಿಚಡ್ಡಿಗಳು, ಮೂಲೆಯಲ್ಲಿ ಸ್ಪಂಜಿನ ತುಂಡುಗಳ ರಾಶಿ. ಅಷ್ಟೇ ಅದರ ಸಂಸಾರ. ಅಲ್ಲಿ ಕೂತು ಹೊಲಿಯುತ್ತಿದ್ದವಳನ್ನು ಮಕ್ಕಳು ಮೊದಲು ದಿಂಬತ್ತೆ ಎನ್ನುತ್ತಿದ್ದರು. ತಲೆ ನೆರೆತ ಮೇಲೆ ಯಾರೂ ಹೇಳಿಕೊಡದೆ ದಿಂಬಜ್ಜಿ ಆದಳು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ.

ಆಕೆಯ ಗಂಡ ಹತ್ತಿ ಹಿಂಜಿ ಹಾಸಿಗೆ ತುಂಬುವವನು. ಊರಿಗೆಲ್ಲ ಮೆತ್ತಗಿನ ಹಾಸಿಗೆ ಹೊಲಿದುಕೊಟ್ಟವನು ಒಂದು ದಿನ ಒದ್ದೆ ಮೆಟ್ಟಿಲ ಮೇಲೆ ಜಾರಿ ಗಟ್ಟಿ ನೆಲಕ್ಕೆ ಬಿದ್ದ. ಸೊಂಟದ ಮೂಳೆ ಮುರಿಯಿತು. ಆಮೇಲೆ ಏಳು ತಿಂಗಳು ಮಲಗಿದಲ್ಲೇ. ಮೈಗೆ ಹುಣ್ಣಾಗಬಾರದೆಂದು ಆಕೆ ದಿಂಬು ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು. ಯಾವ ಮೂಳೆ ಚರ್ಮಕ್ಕೆ ಹತ್ತಿರ, ಎಲ್ಲಿ ಮಾಂಸ ತೆಳು ಎಂಬುದನ್ನು ಬೆರಳಿನಲ್ಲೇ ಓದಿ ಕಲಿತಳು. ಮೂರನೇ ತರಗತಿಗೆ ಶಾಲೆ ಬಿಟ್ಟವಳಿಗೆ ಅದೇ ದೊಡ್ಡ ಓದು.

ಗಂಡ ಹಾಸಿಗೆಯಲ್ಲಿದ್ದುಕೊಂಡೇ ಒಂದು ಪಾಠ ಹೇಳಿಕೊಟ್ಟ. "ದಿಂಬಿಗೆ ಹೆಬ್ಬೆಟ್ಟು ಒತ್ತಿ ನೋಡೇ. ತಕ್ಷಣ ಎದ್ದು ಬಂತು ಅಂದ್ರೆ ಅದು ಎದುರು ಮಾತಾಡೋ ಜಾತಿ, ಪೆಟ್ಟನ್ನ ವಾಪಸ್ಸು ಕೊಡುತ್ತೆ. ಏಳಲೇ ಇಲ್ಲ ಅಂದ್ರೆ ಸತ್ತಿದೆ. ನಿಧಾನಕ್ಕೆ ಏಳ್ಬೇಕು, ಅಳು ನುಂಗ್ಕೊಂಡು ಏಳೋ ಹಾಗೆ."

ಆತ ಹೋದ ಮೇಲೆ ಆಕೆ ರಿಂಕಿಗೆ ನೆಲ ಒರೆಸುವ ಕೆಲಸಕ್ಕೆ ಸೇರಿದಳು. ಒಂದು ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂದು ಹುಡುಗಿ ತೊಡೆಯ ಮೇಲ್ಭಾಗದ ನೇರಳೆ ಬಣ್ಣದ ಬಾವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಬಿಕ್ಕುತ್ತಿತ್ತು. ಆಕೆ ಮನೆಗೆ ಹೋಗಿ ಗಂಡನ ಕೊನೆಯ ದಿಂಬನ್ನು ಕತ್ತರಿಸಿದಳು. ಮರುದಿನ ಆ ತುಂಡು ಹುಡುಗಿಯ ಚಡ್ಡಿಯೊಳಗೆ ಹೊಲಿದ ಒಂದು ಜೇಬಿನಲ್ಲಿ ಕೂತಿತು. ಹಾಗೆ ಶುರುವಾದದ್ದು.

ಅಂಗಡಿಯಿಂದ ಇಟ್ಟಿಗೆಯಂಥ ಪ್ಯಾಡು ತರುವ ತಾಯ್ತಂದೆಯರಿಗೆ ಕೊರತೆಯಿರಲಿಲ್ಲ. "ದಪ್ಪ ಇದ್ದಷ್ಟೂ ಒಳ್ಳೇದಲ್ವಾ?" ಎಂದರೆ ಆಕೆ, "ಹಾಗಾದ್ರೆ ಹಾಸಿಗೇನೇ ಸುತ್ತಿ ಕಳಿಸಿ. ಬಿದ್ರೆ ನೋಯಲ್ಲ, ಹಾರೋಕೂ ಆಗಲ್ಲ" ಎನ್ನುತ್ತಿದ್ದಳು. ಗಾಳಿಯಲ್ಲಿ ಸುತ್ತುವಾಗ ಕೈಕಾಲು ಮೈಗೆ ಅಂಟಬೇಕು. ಪ್ಯಾಡು ಅಡ್ಡ ಬಂದರೆ ತೂಕ ತಪ್ಪುತ್ತದೆ, ಬೀಳದವರೂ ಬೀಳುತ್ತಾರೆ. ಅಂಗೈಯಗಲ, ಬೆರಳು ದಪ್ಪ, ಅಂಚು ತೆಳ್ಳಗೆ ಕೆತ್ತಿದ್ದು, ಅದೂ ಬೇಕಾದ ಕಡೆಗೆ ಮಾತ್ರ. ಇದು ಆಕೆಯ ಲೆಕ್ಕ.

ಆದ್ದರಿಂದ ಯಾರು ಬಂದರೂ ಮೊದಲು ಕೇಳುತ್ತಿದ್ದದ್ದು ಒಂದೇ. "ನಿನ್ನ ಬೀಳೋ ಬದಿ ಯಾವುದವ್ವಾ?"

ಪ್ರತಿ ಮಗುವಿಗೂ ಒಂದು ಬೀಳುವ ಬದಿ ಇರುತ್ತದೆ. ಸುತ್ತುವ ದಿಕ್ಕು, ಇಳಿಯುವ ಕಾಲು ಸೇರಿ ಅದು ಗೊತ್ತಾಗುತ್ತದೆ. ಎರಡನೆಯ ಮಾತು, "ತಿರುಗಿ ನಿಲ್ಲು." ಎದುರು ನಿಂತರೆ ಕನ್ನಡಿಯ ಹಾಗೆ, ಅವರ ಬಲ ನಮ್ಮ ಎಡಕ್ಕೆ ಬರುತ್ತದೆ. ಬೆನ್ನು ಹಾಕಿ ನಿಂತರೆ ಎಡ ಎಡವೇ, ಬಲ ಬಲವೇ. ಇಪ್ಪತ್ತು ವರ್ಷ ಆಕೆ ಈ ಮಾತನ್ನು ಒಂದು ಸಲವೂ ಬಿಟ್ಟಿರಲಿಲ್ಲ.

ಬಿಟ್ಟದ್ದು ಕಡ್ಡಿಯ ವಿಷಯದಲ್ಲಿ.

ಕಡ್ಡಿಗೆ ಹನ್ನೊಂದು ವರ್ಷ. ಬೆಂಕಿಕಡ್ಡಿಗೆ ಸ್ಕೇಟ್ಸ್ ತೊಡಿಸಿದ ಹಾಗಿದ್ದಳು, ಅದಕ್ಕೇ ಆ ಹೆಸರು. ಗಾಳಿಯಲ್ಲಿ ಎರಡು ಸುತ್ತು ಹಾಕಿ ಇಳಿಯುವುದನ್ನು ಕಲಿಯುತ್ತಿದ್ದಳು. ಬಿದ್ದು ಬಿದ್ದು ಸೊಂಟದ ಮೂಳೆಯ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಅವಳಮ್ಮ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಮಗಳನ್ನು ತಾನೇ ಕರೆತಂದು, ದಿಂಬಜ್ಜಿಯ ಮುಂದೆಯೇ ಖಡಾಖಂಡಿತವಾಗಿ ಹೇಳಿದ್ದಳು. "ನೋಡು, ಇನ್ನೊಂದು ಸಲ ಕುಂಟ್ಕೊಂಡು ಮನೆಗೆ ಬಂದ್ರೆ ಸ್ಕೇಟ್ಸ್ ಇಲ್ಲ. ಮುಗೀತು."

ಅಂದು ದಿಂಬಜ್ಜಿಗೆ ಮಂಡಿನೋವು. ಸ್ಟೂಲಿನಿಂದ ಏಳಲಿಲ್ಲ. ಕಡ್ಡಿ ನಾಚಿಕೊಂಡು ಎದುರಿಗೇ ನಿಂತು, "ಈ ಕಡೆ ಅಜ್ಜಿ" ಎಂದು ಕೈಯಿಟ್ಟು ತೋರಿಸಿದಳು. ಆಕೆ ಮಡಿಲಲ್ಲಿ ಹಿಂಭಾಗ ಮೇಲಾಗಿ ಹಾಸಿದ್ದ ಚಡ್ಡಿಯಲ್ಲಿ, ತನ್ನ ಕಣ್ಣಿಗೆ ಕಂಡ ಕಡೆಗೇ ಸೀಮೆಸುಣ್ಣದಿಂದ ಗುರುತು ಮಾಡಿದಳು. ಸ್ಪಂಜಿನ ತುಂಡನ್ನು ನಾಲ್ಕು ಸಲ ಒತ್ತಿ ಆರಿಸಿದಳು, ಅಂಚನ್ನು ಕಾಗದದಷ್ಟು ತೆಳುವಾಗಿ ಕೆತ್ತಿದಳು. ಅಷ್ಟು ಚೆನ್ನಾದ ಪ್ಯಾಡು ಇನ್ನೊಂದನ್ನು ಆಕೆ ಆ ವರ್ಷ ಹೊಲಿದಿರಲಿಲ್ಲ.

ಮೂರನೇ ದಿನ ಯಂತ್ರದ ಮುಂದೆ ಕೂತಿದ್ದಾಗ ಗೋಡೆಯಾಚೆ ಆ ಸದ್ದು ಕೇಳಿತು. ಬೀಳುವ ಸದ್ದಿನಲ್ಲಿ ಎರಡು ಬಗೆ. ಪ್ಯಾಡಿನ ಮೇಲೆ ಬಿದ್ದರೆ 'ಧುಬ್'. ಮೂಳೆಯ ಮೇಲೆ ಬಿದ್ದರೆ 'ಟಪ್'. ಅಂದು ಕೇಳಿದ್ದು ಟಪ್.

ಕಡ್ಡಿಯನ್ನು ಇಬ್ಬರು ಎತ್ತಿಕೊಂಡು ಬಂದು ಕೋಣೆಯ ಬೆಂಚಿನ ಮೇಲೆ ಮಲಗಿಸಿದರು. ವೈದ್ಯರು ನೋಡಿ, ಮೂಳೆ ಮುರಿದಿಲ್ಲ, ಮೂರು ವಾರ ಕಾಲೂರಬಾರದು ಎಂದರು. ಅವಳಮ್ಮ ಅಂಗಡಿಯ ಬಿಳಿ ಕೋಟಿನಲ್ಲೇ ಓಡಿ ಬಂದಳು.

"ಎಷ್ಟು ಹೇಳ್ದೆ ನಿನಗೆ? ಜೋಪಾನ ಜೋಪಾನ ಅಂತ ಬಡ್ಕೊಂಡೆ. ಗಮನ ಎಲ್ಲಿತ್ತು?"

ದಿಂಬಜ್ಜಿ ಪಕ್ಕಕ್ಕೆ ಬಿದ್ದಿದ್ದ ಚಡ್ಡಿಯನ್ನು ಮಡಚಿಡಲೆಂದು ಎತ್ತಿಕೊಂಡಳು. ಒಳಗೆ ಬೆರಳು ಹೋಯಿತು. ಪ್ಯಾಡು ಎಡಕ್ಕಿತ್ತು. ಐಸ್ ಪೊಟ್ಟಣ ಇಟ್ಟಿದ್ದದ್ದು ಹುಡುಗಿಯ ಬಲಕ್ಕೆ.

ಸುಮ್ಮನಿದ್ದರೆ ಆಗುತ್ತಿತ್ತು. ಯಾರಿಗೂ ಹೊಳೆದಿರಲಿಲ್ಲ. ಬೈಗುಳ ಹೇಗೂ ಮಗುವಿನ ಪಾಲಿಗೆ ಹೋಗಿತ್ತು. ಚಡ್ಡಿಯನ್ನು ಮಡಚಿದಳು, ಮತ್ತೆ ಬಿಚ್ಚಿದಳು.

"ಅವಳನ್ನ ಬೈಬೇಡಮ್ಮ," ಎಂದಳು. "ತಪ್ಪು ನನ್ನದು. ಅದಲುಬದಲು ಮಾಡಿ ಹೊಲಿದುಬಿಟ್ಟೆ. ತಿರುಗಿ ನಿಲ್ಲು ಅನ್ನೋದನ್ನ ಮರೆತೆ."

ಅವಳಮ್ಮ ಚಡ್ಡಿಯನ್ನು ಕೈಗೆ ತೆಗೆದುಕೊಂಡು ನೋಡಿದಳು. ಆಮೇಲೆ, "ನಾನು ಒಂದು ಗುಳಿಗೆ ಕೊಡ್ಬೇಕಾದ್ರೆ ಚೀಟಿನ ಎರಡು ಸಲ ಓದ್ತೀನಿ ಅಜ್ಜಿ. ನಿಮ್ಮನ್ನ ನಂಬಿ ಕಳಿಸಿದ್ದೆ," ಎಂದಳು. ದನಿ ಏರಿರಲಿಲ್ಲ. ಏರಿದ್ದರೆ ವಾಸಿಯಿತ್ತು.

ಮಗಳ ಕಡೆ ತಿರುಗಿ ಕೇಳಿದಳು. "ನಿನಗಾದ್ರೂ ಗೊತ್ತಾಗ್ಲಿಲ್ವೇನೇ? ಹಾಕ್ಕೊಂಡಾಗ?"

"ಗೊತ್ತಾಯ್ತು."

"ಮತ್ತೆ ಹೇಳೋದಕ್ಕೇನಾಗಿತ್ತು?"

"ಅಜ್ಜಿ ಅಲ್ವಾ ಇಟ್ಟಿದ್ದು," ಎಂದಳು ಕಡ್ಡಿ. "ಅವರಿಗೆ ಗೊತ್ತಿರುತ್ತೆ, ಆ ಕಡೇನೇ ಬೀಳ್ಬೇಕೇನೋ ಅಂದ್ಕೊಂಡೆ. ಬೀಳ್ತಾ ಬೀಳ್ತಾ ಆ ಕಡೆ ಹೊರಳೋಕೆ ನೋಡ್ದೆ. ಆಗ್ಲಿಲ್ಲ."

ದಿಂಬಜ್ಜಿ ಸ್ಟೂಲಿನ ಮೇಲೆ ಕೂತುಬಿಟ್ಟಳು. ಗಂಡ ಸತ್ತ ದಿನ ಅಳದವಳ ಕಣ್ಣಲ್ಲಿ ನೀರು ಬಂತು. ಮಗು ಬಿದ್ದದ್ದು ಹಾಗಿರಲಿ, ತನ್ನನ್ನು ನಂಬಿ ಬೀಳುವ ಬದಿಯನ್ನೇ ಬದಲಿಸಿಕೊಳ್ಳಲು ಹೊರಟಿತ್ತು.

ಮೂರು ವಾರ ಆಕೆ ಯಾರಿಗೂ ಪ್ಯಾಡು ಹೊಲಿಯಲಿಲ್ಲ. ಬಂದವರಿಗೆ, "ನನ್ನ ಕೈ ನೆಟ್ಟಗಿಲ್ಲ, ಬೇರೆ ಕಡೆ ನೋಡಿ" ಎನ್ನುತ್ತಿದ್ದಳು. ಹರಿದ ಜೇಬು ಹೊಲಿಯುವುದು, ಗುಂಡಿ ಹಚ್ಚುವುದು, ಇಷ್ಟೇ. ಕಡ್ಡಿ ಇನ್ನು ಬರುವುದಿಲ್ಲವೆಂದು ಎಲ್ಲರೂ ಮಾತಾಡಿಕೊಂಡರು.

ಇಪ್ಪತ್ತೆರಡನೇ ದಿನ ತಾಯಿ, ಮಗಳು ಬಾಗಿಲಲ್ಲಿ ನಿಂತಿದ್ದರು.

"ಕನಸಲ್ಲೂ ಹಾರ್ತಾಳೆ ಅಜ್ಜಿ, ಮಂಚದಿಂದ ಬೀಳ್ತಾಳೆ," ಎಂದಳು ಅವಳಮ್ಮ, ಬೇರೆಲ್ಲೋ ನೋಡುತ್ತ. "ನಡೆಯೋರು ಎಡವದೆ ಕೂತೋರು ಎಡವ್ತಾರಾ ಅಂತ ನಮ್ಮಮ್ಮ ಹೇಳೋರು. ಹೊಲಿದುಕೊಡಿ."

ದಿಂಬಜ್ಜಿ ಮಂಡಿ ಹಿಡಿದುಕೊಂಡು ಎದ್ದು ನಿಂತಳು. ಸೀಮೆಸುಣ್ಣದ ತುಂಡನ್ನು ಅವಳಮ್ಮನ ಕಡೆ ಚಾಚಿದಳು. "ಗುರುತು ನೀವು ಹಾಕಿ. ನಾನು ಹೊಲೀತೀನಿ. ಏನೇ ಕಡ್ಡಿ, ತಿರುಗಿ ನಿಲ್ಲು."

ಕಡ್ಡಿ ಬೆನ್ನು ತಿರುಗಿಸಿದಳು. ತಾಯಿ ಮಗಳ ಬಲಸೊಂಟದ ಮೇಲೆ ಅಂಗೈಯಿಟ್ಟು ಮೂಳೆಯನ್ನು ಹುಡುಕಿದಳು, ಸುತ್ತಲೂ ಬಿಳಿ ಗೆರೆ ಎಳೆದಳು. ಚೀಟಿ ಓದುವವರ ಹಾಗೆ ಎರಡನೇ ಸಲ ಕೈಯಿಟ್ಟು ನೋಡಿ, ಅದೇ ಗೆರೆಯ ಮೇಲೆ ಮತ್ತೆ ಎಳೆದಳು. ದಿಂಬಜ್ಜಿ ಆ ಗೆರೆ ಮೀರದಂತೆ ಹೊಲಿದು, ಬಲಬದಿಯ ಅಂಚಿಗೆ ಒಂದು ಕೆಂಪು ದಾರ ಹಾಕಿದಳು. ಅಂದಿನಿಂದ ಆಕೆ ಹೊಲಿದ ಪ್ರತಿಯೊಂದಕ್ಕೂ ಆ ಕೆಂಪು ದಾರ ಬಿತ್ತು.

ಮರುದಿನ ಮಧ್ಯಾಹ್ನ ಗೋಡೆಯಾಚೆ ಸ್ಕೇಟ್ಸಿನ ಗೀರುವ ಸದ್ದು ದೂರದಿಂದ ಹತ್ತಿರ ಬಂತು, ಬಂದು ನಿಂತುಹೋಯಿತು. ಹುಡುಗಿ ಗಾಳಿಯಲ್ಲಿದ್ದಾಳೆ. ದಿಂಬಜ್ಜಿಯ ಸೂಜಿ ಬಟ್ಟೆಯ ಅರ್ಧದಲ್ಲಿ ನಿಂತಿತು.

ಧುಬ್.

ಸ್ವಲ್ಪ ಹೊತ್ತು ಮೌನ. ಆಮೇಲೆ ಗೀರುವ ಸದ್ದು ಮತ್ತೆ ಶುರುವಾಯಿತು. ಆಕೆ ಸೂಜಿಯನ್ನು ಆಚೆಗೆ ಎಳೆದುಕೊಂಡಳು.