ಸಾಬವ್ವನ ನಾಲ್ಕನೆಯ ಹಾಡು

ಧನಕವಡಿಯ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ಬಿ-೪೦೨ರಲ್ಲಿರುವ ಅವಿನಾಶ್ ಒಬ್ಬ ದೊಡ್ಡ ಹಾಡುಗಾರ ಎಂದು ಇಡೀ ಪುಣೆಯಲ್ಲಿ ನಂಬಿದ್ದವಳು ಸಾಬವ್ವ ಒಬ್ಬಳೇ. ಉಳಿದವರ ಪಾಲಿಗೆ ಅವನು ವಾರವೆಲ್ಲ ಕಂಪ್ಯೂಟರ್ ಕುಟ್ಟಿ, ರಜೆಯ ದಿನ ಗಿಟಾರ್ ಹಿಡಿದು ಅಕ್ಕಪಕ್ಕದವರ ತಲೆ ತಿನ್ನುವ ಮಂಡ್ಯದ ಹುಡುಗ. ತಾನೇ ಬರೆದು, ತಾನೇ ಬಾರಿಸಿ, ತಾನೇ ಕೂಗಿ ಹನ್ನೊಂದು ಕನ್ನಡ ರಾಕ್ ಹಾಡುಗಳನ್ನು ಯೂಟ್ಯೂಬಿಗೆ ಹಾಕಿದ್ದ. ಯಾವ ಹಾಡೂ ಮುನ್ನೂರು ಸಲ ದಾಟಿ ಓಡಿರಲಿಲ್ಲ. ಆ ಮುನ್ನೂರರಲ್ಲಿ ಅರ್ಧ ಸಾಬವ್ವನ ಮೊಬೈಲಿನದೇ.

ಸಾಬವ್ವ ಇಂಡಿ ತಾಲೂಕಿನವಳು. ಗಂಡ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲ. ಇವಳು ಇಪ್ಪತ್ತೆರಡು ವರ್ಷದಿಂದ ಮನೆಮನೆಗೆ ಹೋಗಿ ಅಡುಗೆ ಮಾಡುತ್ತಾಳೆ. ಈಗ ಹಿಡಿದಿರುವ ನಾಲ್ಕೂ ಮನೆ ಆ ಸೊಸೈಟಿಯೊಳಗೇ ಇವೆ, ಅವಿನಾಶನದೂ ಅದರಲ್ಲೊಂದು. ಪುಣೆಯಲ್ಲಿ ಇಂಥ ಕೆಲಸದ ಹೆಂಗಸರಿಗೆಲ್ಲ ಹೆಸರು ಒಂದೇ: ಬಾಯಿ. ಮರಾಠಿಯಲ್ಲಿ ಬಾಯಿ ಎಂದರೆ ಹೆಂಗಸು, ಒಂದು ಕಾಲಕ್ಕೆ ಮರ್ಯಾದೆಯ ಮಾತೇ. ಈಗ ‘ಬಾಯಿ ಬಂದಳಾ’, ‘ಬಾಯಿ ಮತ್ತೆ ರಜಾ ಹಾಕಿದಳಾ’ ಎನ್ನುವುದಕ್ಕಷ್ಟೇ ಉಳಿದಿದೆ. ಸಾಬವ್ವ ಎಂದು ಕರೆಯುವವನು ಗಂಡ ಒಬ್ಬನೇ, ಅದೂ ಸಿಟ್ಟು ಬಂದಾಗ.

ಹಾಡುಗಳ ನಿಜವಾದ ಹೆಸರು ಅವಳಿಗೆ ಗೊತ್ತಿಲ್ಲ, ತಾನೇ ಇಟ್ಟುಕೊಂಡಿದ್ದಳು. ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಕೈ ಆಡುತ್ತದಲ್ಲ, ಅದು ಹಿಟ್ಟು ನಾದುವ ಹಾಡು. ಚುರ್ ಎಂದು ಶುರುವಾಗುವುದು ಒಗ್ಗರಣೆ ಹಾಡು. ಗಿಟಾರೂ ಗಂಟಲೂ ನಾ ಮುಂದು ತಾ ಮುಂದು ಎಂದು ಕಿತ್ತಾಡುವುದು ಜಗಳದ ಹಾಡು. “ಡಬ್ಬಾ ಬಡದಂಗ ಅದ, ಬಂದ್ ಮಾಡು” ಎಂದು ಗಂಡ ಗೊಣಗಿದರೆ, “ನಿಮಗ ತಿಳಿಯಂಗಿಲ್ಲ, ಸುಮ್ಮ ಕುಂದರ್ರಿ. ಹೊಟ್ಯಾಗ ಸಿಟ್ಟು ಇದ್ದವರಿಗೆ ಇದು” ಎಂದು ಇನ್ನಷ್ಟು ಜೋರು ಮಾಡುತ್ತಿದ್ದಳು.

ನಾಲ್ಕನೆಯದಕ್ಕೆ ಅಡ್ಡಹೆಸರಿಲ್ಲ. ಅದು ‘ನನ್ನ ಹಾಡು’. ಅದರಲ್ಲಿ ಅವಿನಾಶ್ ಕತ್ತಿನ ನರ ಉಬ್ಬಿಸಿಕೊಂಡು ಕೂಗುತ್ತಾನೆ: ಬಾಯಿಗೆ ಹೆಸರು ಬರಲಿ, ಬಾಯಿಗೆ ಹೆಸರು ಬರಲಿ! ಮೊದಲ ಸಲ ಕೇಳಿದ ದಿನ ಸಾಬವ್ವ ಎರಡು ಚಪಾತಿ ಸೀಯಿಸಿದ್ದಳು. ಇಷ್ಟು ದೊಡ್ಡ ಊರಲ್ಲಿ ಒಬ್ಬನಾದರೂ ಬಾಯಿಗೂ ಒಂದು ಹೆಸರಿರಲಿ ಎಂದು ಬರೆದನಲ್ಲ ಎಂದು ಕಣ್ಣು ತುಂಬಿ ಬಂದಿತ್ತು. ಅವನ ಮುಂದೆ ತುಟಿ ಪಿಟ್ಟೆನ್ನಲಿಲ್ಲ. ಆವತ್ತಿನಿಂದ ಅವನ ಬದನೆಕಾಯಿ ಪಲ್ಯಕ್ಕೆ ಶೇಂಗಾ ಪುಡಿ ಮಾತ್ರ ಧಾರಾಳವಾಗಿ ಬೀಳತೊಡಗಿತು.

ಹೀಗಿರುವಾಗ ಒಂದು ಶನಿವಾರ ಸೊಸೈಟಿಯ ಸೆಕ್ರೆಟರಿ ಕೆಲಸದವರಿಗೆಲ್ಲ ಕೊರಳಿಗೆ ಹಾಕಿಕೊಳ್ಳುವ ಕಾರ್ಡು ಹಂಚಿಸಿದ. ಸೋಮವಾರದಿಂದ ಕಾರ್ಡಿಲ್ಲದವರಿಗೆ ಗೇಟಿನೊಳಗೆ ಪ್ರವೇಶವಿಲ್ಲ. ಸಾಬವ್ವ ಅಕ್ಷರ ಕೂಡಿಸಿ ಓದಿದಳು. ಅವಳ ಫೋಟೋ, ಕೆಳಗೆ ‘ಬಾಯಿ, ಬಿ-೪೦೨’. ಡ್ರೈವರುಗಳ ಕಾರ್ಡಿನಲ್ಲಿ ಹೆಸರಿತ್ತು. ವಾಚ್‌ಮನ್ನನಿಗೂ ಇತ್ತು. ಅಷ್ಟೇಕೆ, ಎ ವಿಂಗಿನ ನಾಯಿಯ ಕೊರಳಪಟ್ಟಿಯಲ್ಲೂ ಹೆಸರಿತ್ತು!

ಅವಳು ನೆಟ್ಟಗೆ ಅವಿನಾಶನ ಮನೆಗೆ ಹೋಗಿ, ಒಲೆ ಹಚ್ಚುತ್ತಲೇ ಅಂದಳು. “ಸಾಹೇಬ್ರ, ನೀವು ಬಂದು ಸೆಕ್ರೆಟರಿಗೆ ಹೇಳ್ರಿ. ನೀವೇ ಬರದೀರಲ್ಲ, ಬಾಯಿಗೆ ಹೆಸರು ಬರಲಿ ಅಂತ.”

ಅವಿನಾಶ್ ಮೊದಲು ಮಿಕಿಮಿಕಿ ನೋಡಿದ. ಅರ್ಥವಾದ ಮೇಲೆ ಅವನ ಮುಖ ಸಣ್ಣಗಾಯಿತು. “ಅಯ್ಯೋ ಆಂಟಿ, ಅದು ಆ ಬಾಯಿ ಅಲ್ಲ. ಈ ಬಾಯಿ” ಎಂದು ತನ್ನ ತುಟಿ ಮುಟ್ಟಿ ತೋರಿಸಿದ. “ಕಾಲೇಜಲ್ಲಿ ಒಬ್ಳು ಹುಡುಗಿ ಇದ್ಲು. ಎದುರಿಗೆ ಸಿಕ್ರೆ ಅವಳ ಹೆಸ್ರೇ ನನ್ ಬಾಯಿಗೆ ಬರ್ತಿರ್ಲಿಲ್ಲ. ಅಷ್ಟೇ, ಲವ್ ಸಾಂಗ್ ಅದು.”

ಸಾಬವ್ವನಿಗೆ ಕಪಾಳಕ್ಕೆ ಬಿಗಿದ ಹಾಗಾಯಿತು. ಹುಟ್ಟಿದ್ದು ಕನ್ನಡದಲ್ಲಿ, ಬೆಳೆದದ್ದು ಕನ್ನಡದಲ್ಲಿ; ಬಾಯಿ ಎಂದರೆ ಬಾಯಿ ಎಂದು ತನಗೇ ಹೊಳೆಯದೆ ಹೋಯಿತೆ? ಹೆಸರು ಹೋದದ್ದು ಸಾಲದೆಂದು ಮಾತೂ ಹೋಯಿತೆ? ನಾಚಿಕೆಯಾಯಿತು, ಅಳು ಬಂತು, ಎರಡನ್ನೂ ಹಿಂದೆ ಹಾಕಿ ಸಿಟ್ಟು ಬಂತು.

“ಬರದಾವರು ನೀವು, ಖರೆ. ಕೇಳಿದಾಕಿ ಯಾರು? ಆ ಹುಡುಗಿ ಕೇಳ್ಯಾಳೇನು? ನಾ ಕೇಳೀನಿ, ದಿನಾ ಕೇಳೀನಿ. ಜೇಜುರಿ ಮಲ್ಲಯ್ಯನ ಆಣಿ, ಆ ಹಾಡು ನಂದು. ನೀವು ಬರಿಯುವಾಗ ತಪ್ಪು ತಿಳಕೊಂಡೀರಿ, ಅಷ್ಟೇ!”

ಅವಿನಾಶ್ ಬಾಯಿ ಕಳೆದುಕೊಂಡು ನಿಂತ. ಅವಳು ಒಲೆ ಆರಿಸಿ ಹೊರಟುಹೋದಳು.

ಸೋಮವಾರ ಬೆಳಿಗ್ಗೆ ಎಂಟೂವರೆಗೆ, ಕಾರು ಸ್ಕೂಟರುಗಳೆಲ್ಲ ಆಫೀಸಿಗೆ ಹೊರಡುವ ಹೊತ್ತಿಗೆ ಸರಿಯಾಗಿ, ಸಾಬವ್ವ ಗೇಟಿನ ನಟ್ಟನಡುವೆ ನಿಂತಳು. ಕಾರ್ಡು ಕೈಯಲ್ಲಿತ್ತು, ಕೊರಳಲ್ಲಿ ಇರಲಿಲ್ಲ. ಹೆಸರು ಹಾಕಿಕೊಟ್ಟರೆ ಕಟ್ಟಿಕೊಳ್ಳುತ್ತೇನೆ, ಅಲ್ಲಿಯವರೆಗೆ ಇಲ್ಲ ಎಂದು ವಾಚ್‌ಮನ್ನನಿಗೆ ಹೇಳಿ, ಮೊಬೈಲಿನಲ್ಲಿ ನಾಲ್ಕನೆಯ ಹಾಡು ಹಚ್ಚಿ, ಎಷ್ಟು ಜೋರು ಆಗುತ್ತದೋ ಅಷ್ಟು ಜೋರು ಮಾಡಿದಳು. ಗಿಟಾರ್ ಗರ್ಜಿಸಿತು. ಹಿಂದೆ ಹಾರ್ನುಗಳು ಶುರುವಾದವು.

ಸೆಕ್ರೆಟರಿ ಓಡಿ ಬಂದ. ಉಳಿದ ಬಾಯಿಗಳೆಲ್ಲ ಸುಮ್ಮನೆ ಹಾಕಿಕೊಂಡಿಲ್ಲವೆ, ನಿನ್ನದೇನು ದೊಡ್ಡಸ್ತಿಕೆ ಎಂದು ಮರಾಠಿಯಲ್ಲಿ ರೇಗಿದ. ನಾಳೆ ಬೆಳಗಾಗುವುದರೊಳಗೆ ನಿನ್ನ ನಾಲ್ಕೂ ಮನೆಗೆ ಬೇರೆ ಬಾಯಿ ಸಿಗುತ್ತಾಳೆ ಎಂದ. ಅದು ಸುಳ್ಳಲ್ಲ. ನಾಲ್ಕು ಮನೆ ಹೋದರೆ ಮನೆಯ ಒಲೆ ಉರಿಯುವುದು ಗಂಡನ ಬೆನ್ನೊಂದರಿಂದಲೇ, ಆ ಬೆನ್ನೋ ಹೋದ ವರ್ಷವೇ ಸೋತಿತ್ತು. ಆದರೂ ಅವಳು ಹಾಡು ನಿಲ್ಲಿಸಲಿಲ್ಲ.

ಅಷ್ಟರಲ್ಲಿ ಹೆಲ್ಮೆಟ್ ಹಿಡಿದು ಅವಿನಾಶ್ ಇಳಿದು ಬಂದ. ಸೆಕ್ರೆಟರಿ ಅವನತ್ತ ತಿರುಗಿ, ಇದು ನಿಮ್ಮದೇ ದನಿಯಲ್ಲವೆ, ಏನಿದರ ಅರ್ಥ ಎಂದು ಕೇಳಿದ. ಅವಿನಾಶ್ ಸಾಬವ್ವನನ್ನು ನೋಡಿದ. ಅವಳು ಬೇಡಿಕೊಳ್ಳುವ ಮುಖ ಮಾಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಹೇಳು ನೋಡೋಣ ಎನ್ನುವಂತೆ ನಿಂತಿದ್ದಳು.

“ಬಾಯೀಲಾ ನಾವ್ ಮಿಳೂ ದೇ” ಎಂದ ಅವಿನಾಶ್ ತನ್ನ ಹರಕು ಮರಾಠಿಯಲ್ಲಿ. ಬಾಯಿಗೆ ಹೆಸರು ಸಿಗಲಿ ಎಂದು. ಇವರಿಗಾಗಿಯೇ ಬರೆದದ್ದು ಎಂದೂ ಸೇರಿಸಿದ. ಅದು ಶುದ್ಧ ಸುಳ್ಳು.

ಹಾರ್ನಿನ ಕಾಟ ತಡೆಯಲಾರದೆ ಸೆಕ್ರೆಟರಿ ವಾಚ್‌ಮನ್ನನ ರಿಜಿಸ್ಟರು ಎಳೆದುಕೊಂಡು, ಹೇಳು ನಿನ್ನ ಹೆಸರು ಎಂದ.

“ಸಾಬವ್ವ ಭೀಮರಾಯ ತಳವಾರ!”

ಬರೆದುಕೊಂಡ. ಸಾಬವ್ವ ಗೆದ್ದ ಗತ್ತಿನಲ್ಲಿ ಹಿಂದೆ ತಿರುಗಿದಳು. ಅಲ್ಲಿ ಮೆಟ್ಟಿಲು ಗುಡಿಸುವ ಹೆಂಗಸು ನಿಂತಿದ್ದಳು, ಕೊರಳಲ್ಲಿ ಕಾರ್ಡು. ಒಂಬತ್ತು ವರ್ಷದಿಂದ ಇಬ್ಬರೂ ಒಂದೇ ಹೊತ್ತಿಗೆ ಈ ಗೇಟು ದಾಟುವವರು, ಒಂದೇ ಎಲೆ-ಅಡಿಕೆ ಚೀಲಕ್ಕೆ ಕೈ ಹಾಕುವವರು. ಇವಳದೂ ಬರೆಯಿರಿ ಎಂದಳು ಸಾಬವ್ವ.

“ಹಿಚ ನಾವ್?” ಇವಳ ಹೆಸರೇನು ಎಂದು ಸೆಕ್ರೆಟರಿ ಪೆನ್ನು ಎತ್ತಿದ.

ಸಾಬವ್ವ ಬಾಯಿ ತೆರೆದಳು. ಹೆಸರು ಬರಲಿಲ್ಲ.

ಒಂಬತ್ತು ವರ್ಷದಲ್ಲಿ ಅವಳನ್ನು ತಾನು ಕರೆದದ್ದು ‘ಮೆಟ್ಟಿಲ ಬಾಯಿ’ ಎಂದು. ಒಂದು ದಿನವಾದರೂ ಕೇಳಿರಲಿಲ್ಲ. ಈ ಸೆಕ್ರೆಟರಿಗಿಂತ ತಾನು ಯಾವುದರಲ್ಲಿ ಮೇಲು? ನೆಲ ಬಾಯಿಬಿಟ್ಟು ನುಂಗಬಾರದೆ ಎನಿಸಿತು.

“ತಪ್ಪಾತವ್ವಾ” ಎಂದು ಕನ್ನಡದಲ್ಲೇ ಅಂದುಬಿಟ್ಟು, ಆಮೇಲೆ ಅವಳಿಗೆ ತಿಳಿಯುವಂತೆ ಮರಾಠಿಯಲ್ಲಿ ಹೆಸರು ಕೇಳಿದಳು: “ತುಝ ನಾವ್ ಕಾಯ್, ಗ?”

ಆ ಹೆಂಗಸು ಕೊರಳಿನ ಕಾರ್ಡು ತೆಗೆದು ರಿಜಿಸ್ಟರಿನ ಮೇಲಿಟ್ಟಳು. “ಗೋದಾ” ಎಂದಳು, ಗಾಳಿಗೂ ಕೇಳಿಸದ ದನಿಯಲ್ಲಿ.

ಸಾಬವ್ವ ಮೊಬೈಲಿನ ಹಾಡು ನಿಲ್ಲಿಸಿ ಕೈಯೆತ್ತಿ ಮೇಲೆ ತೋರಿಸಿದಳು. “ಜೋರಾಗಿ ಹೇಳ. ನಾಕನೇ ಮಜಲಿಗೆ ಕೇಳಲಿ.”

“ಗೋದಾ ಮಾರುತಿ ಕಾಂಬಳೆ!”

ಸೆಕ್ರೆಟರಿ ಪೆನ್ನು ಹಿಡಿದು ಸುಮ್ಮನೆ ನೋಡುತ್ತಿದ್ದ. “ಮಾರಿ ಏನ್ ನೋಡ್ತೀರಿ? ಬರೀರಿ” ಎಂದಳು ಸಾಬವ್ವ, ಕನ್ನಡದಲ್ಲೇ.